ಹಳೆ ವೈನ್‌ಗೆ ಎಷ್ಟು ಕೊಡಬಹುದು?

ಪ್ರಶ್ನೆ: ಪರಿಚಯದವರೊಬ್ಬರು ತಮ್ಮ ದೊಡ್ಡಪ್ಪ ಬಿಟ್ಟುಹೋದ ಆರು ಬಾಟಲಿ ವೈನ್ ಮಾರುತ್ತಿದ್ದಾರೆ. ನಾಲ್ಕು 1982ರ ಬೋರ್ಡೋ (ಫ್ರಾನ್ಸ್‌ನ ಬೋರ್ಡೋ ಪ್ರದೇಶದ ಕೆಂಪು ವೈನ್), ಒಂದೇ ತಯಾರಕರದ್ದು. ಒಂದು 1987ರ ಬೋರ್ಡೋ, ಇನ್ನೊಂದು 1990ರ ಸೊಟೆರ್ನ್ (ಅದೇ ಪ್ರದೇಶದ ಸಿಹಿ ವೈನ್). ಇಷ್ಟು ವರ್ಷ ಮನೆಯ ಬೀರುವಿನಲ್ಲಿದ್ದವಂತೆ. ಹರಾಜಿನ ಬೆಲೆ ತೋರಿಸಿ ಅಷ್ಟೇ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಅಷ್ಟು ಕೊಡಬೇಡಿ. ಹರಾಜಿನಲ್ಲಿ ಒಳ್ಳೆ ಬೆಲೆ ಬರುವುದು ತಂಪಾದ ನೆಲಮಾಳಿಗೆಯಲ್ಲಿ, 12–13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕದಲದೆ ಮಲಗಿದ್ದ ಬಾಟಲಿಗೆ. ಬೀರುವಿನಲ್ಲಿದ್ದ ಬಾಟಲಿಯ ಲೇಬಲ್ ಅದೇ ಇರಬಹುದು, ಒಳಗಿರುವುದು ಅದೇ ಎನ್ನುವ ಭರವಸೆ ಇಲ್ಲ. ಸೆಕೆಗೆ ವೈನ್ ಬೇಗ ಮುದಿಯಾಗುತ್ತದೆ. ನಿಲ್ಲಿಸಿಯೇ ಇಟ್ಟಿದ್ದರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗಿರಬಹುದು. ಅವು ಮಲಗಿದ್ದವೋ, ನಿಂತಿದ್ದವೋ, ಮೊದಲು ಅದನ್ನು ಕೇಳಿ.

ಆಮೇಲೆ ಬೆಳಕಿಗೆ ಹಿಡಿದು ಮಟ್ಟ ನೋಡಿ. ಬೋರ್ಡೋ ಬಾಟಲಿಗೆ ಕತ್ತು, ಭುಜ ಎರಡೂ ಸ್ಪಷ್ಟವಾಗಿರುತ್ತವೆ. ಕತ್ತಿನ ಬುಡದವರೆಗೆ ವೈನ್ ಇದ್ದರೆ ತುಂಬಾ ಒಳ್ಳೆಯದು. ಭುಜದ ಮೇಲ್ತುದಿಯಲ್ಲಿದ್ದರೂ ಈ ವಯಸ್ಸಿಗೆ ಸಹಜವೇ. ಭುಜದ ಮಧ್ಯಕ್ಕೆ ಇಳಿದಿದ್ದರೆ ಅನುಮಾನ ಪಡಿ. ಅದಕ್ಕೂ ಕೆಳಗಿದ್ದರೆ ಸುಮ್ನೆ ಬಿಟ್ಟುಬಿಡಿ. ತಳದಲ್ಲಿ ಗಷ್ಟು ಕಂಡರೆ ಹೆದರಬೇಡಿ, ಹಳೆ ಕೆಂಪು ವೈನ್‌ನಲ್ಲಿ ಅದು ಇದ್ದೇ ಇರುತ್ತದೆ.

ಈಗ ಬೆಲೆಯ ವಿಷಯ. ಚೆನ್ನಾಗಿರುವ ಬಾಟಲಿಗೆ ನೀವು ನೂರು ಕೊಡಲು ಸಿದ್ಧ ಅಂತಿಟ್ಟುಕೊಳ್ಳಿ. ಇಲ್ಲಿ ನೂರು ಅಂದರೆ ಹರಾಜಿನ ಬೆಲೆಯಲ್ಲ. ಆ ಸಂಜೆಯ ಖುಷಿಗೆ ನಿಮ್ಮ ಮನಸ್ಸು ಒಪ್ಪುವ ಮೊತ್ತ. ಇಂಥ ಹತ್ತು ಬಾಟಲಿಯಲ್ಲಿ ನಾಲ್ಕು ಚೆನ್ನಾಗಿರಬಹುದು ಅನ್ನಿಸಿದರೆ ಒಂದರ ಬೆಲೆ ನಲವತ್ತು. ಹಾಳಾಗಿದ್ದರೆ ನಷ್ಟ ಪೂರ್ತಿ ನಿಮ್ಮದೇ, ಮಾರುವವರದ್ದಲ್ಲ. ಹಾಗಾಗಿ ನಾನಾದರೆ ಮೂವತ್ತಕ್ಕೆ ನಿಲ್ಲುತ್ತೇನೆ.

ಜಾಸ್ತಿ ಬಾಟಲಿ ಕೊಂಡರೆ ಸರಾಸರಿಯಲ್ಲಿ ಸರಿಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಹಲವು ವರ್ಷಗಳ ಹಿಂದೆ ಒಂದು ಮನೆಯ ಅಟ್ಟದಲ್ಲಿದ್ದ ಹನ್ನೆರಡು ಬಾಟಲಿ ಒಟ್ಟಿಗೆ ತಂದೆ. ಒಂದೇ ವೈನ್, ಒಂದೇ ವರ್ಷ. ಅರ್ಧ ಹಾಳಾದರೂ ಅರ್ಧ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಮೊದಲನೆಯದನ್ನು ತೆರೆದಾಗ ಬಣ್ಣ ಕಂದಾಗಿತ್ತು, ಕೊಯ್ದಿಟ್ಟ ಸೇಬು ಕಪ್ಪಾದಾಗ ಬರುವಂಥ ವಾಸನೆ. ಹನ್ನೆರಡರಲ್ಲಿ ಕುಡಿಯುವಂತಿದ್ದದ್ದು ಎರಡೇ. ಅಟ್ಟದ ಸೆಕೆ ಎಲ್ಲವಕ್ಕೂ ಒಂದೇ ಥರ ತಟ್ಟಿತ್ತು. ಬೇರೆ ಬೇರೆ ಮನೆಯಿಂದ ಬಂದ ಹನ್ನೆರಡಾಗಿದ್ದರೆ ನನ್ನ ಲೆಕ್ಕಕ್ಕೆ ಅರ್ಥ ಇರುತ್ತಿತ್ತು. ಆ ರಾತ್ರಿ ಒಂದೊಂದನ್ನೂ ಸಿಂಕಿಗೆ ಸುರಿದದ್ದು ಇನ್ನೂ ನೆನಪಿದೆ.

ಹಾಗಾಗಿ ನಿಮ್ಮ ನಾಲ್ಕು 1982ನ್ನೂ ಒಮ್ಮೆಗೇ ಕೊಳ್ಳಬೇಡಿ. ಬೋರ್ಡೋಗೆ ಅದು ಬಹಳ ಒಳ್ಳೆಯ ವರ್ಷ, ಆಸೆಯಾಗುವುದು ಸಹಜ. ಆದರೂ ಮಟ್ಟ ತೀರಾ ಮೇಲೂ ಅಲ್ಲದ, ತೀರಾ ಕೆಳಗೂ ಅಲ್ಲದ ಒಂದನ್ನು ಮೂವತ್ತರ ಲೆಕ್ಕದಲ್ಲಿ ಕೊಂಡು, ಗಷ್ಟು ತಳಕ್ಕೆ ಇಳಿಯಲು ಒಂದೆರಡು ದಿನ ನಿಲ್ಲಿಸಿಟ್ಟು, ಮಾರುವವರನ್ನೂ ಕರೆದು ತೆರೆಯಿರಿ. ಚೆನ್ನಾಗಿದ್ದರೆ ಉಳಿದವಕ್ಕೆ ಅರವತ್ತೋ ಎಪ್ಪತ್ತೋ ಕೊಡುತ್ತೇನೆ ಎಂದು ಮೊದಲೇ ಮಾತಾಡಿಕೊಳ್ಳಿ. ಅವರಿಗೂ ಇದರಲ್ಲಿ ಮೋಸವಿಲ್ಲ. ಹಸಿ ರಟ್ಟಿನ ವಾಸನೆ ಬಂದರೆ ಮಾತ್ರ ಬೀರುವನ್ನು ದೂರಬೇಡಿ. ಅದು ಕಾರ್ಕಿನ ದೋಷ, ಪಕ್ಕದ ಬಾಟಲಿ ಚೆನ್ನಾಗಿರಬಹುದು. ಇನ್ನೊಂದು ತೆರೆದು ನೋಡಿ.

1987 ಹಗುರ ವರ್ಷ. ಆ ವೈನ್‌ಗಳನ್ನು ಬೇಗ ಕುಡಿದು ಮುಗಿಸಬೇಕಿತ್ತು. ಅದಕ್ಕೆ ಹಣ ಕೊಡಬೇಡಿ.

ಸೊಟೆರ್ನ್ ಬಗ್ಗೆ ನನಗೆ ನಿಜಕ್ಕೂ ಆಸೆ ಇದೆ. ಅದು ಸಿಹಿ ವೈನ್, ಅದರ ಸಕ್ಕರೆ ಮತ್ತು ಹುಳಿ ಎರಡೂ ಅದನ್ನು ದಶಕಗಳ ಕಾಲ ಕಾಪಾಡುತ್ತವೆ. 1990 ಅಲ್ಲಿ ಒಳ್ಳೆಯ ವರ್ಷವೂ ಹೌದು. ಬಣ್ಣ ಜೇನಿನಂತೆ ಗಾಢವಾಗಿದ್ದರೆ ಹಾಳಾಗಿದೆ ಎಂದುಕೊಳ್ಳಬೇಡಿ. ಮಟ್ಟ ಚೆನ್ನಾಗಿದ್ದು ಕಾರ್ಕ್ ಸೋರಿದ ಗುರುತಿಲ್ಲದಿದ್ದರೆ, ಆರರಲ್ಲಿ ಇದೊಂದಕ್ಕೆ ಐವತ್ತರವರೆಗೂ ಹೋಗಿ.