ಛೀಮಾರಿ ಹಾಕಿದರು, ಪಗಾರ ಯಾಕೆ ಹೆಚ್ಚಲಿಲ್ಲ?

ಓದುಗರ ಪ್ರಶ್ನೆಗಳಿಗೆ ಕೊಪ್ಪಳದ ನಿವೃತ್ತ ಖಜಾನೆ ಅಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ನಮ್ಮವ್ವಗೆ ಎಪ್ಪತ್ತೆರಡು ವರ್ಷ. ತಿಂಗಳಿಗೆ 1,200 ರೂಪಾಯಿ ಮುದುಕರ ಪಗಾರ ಬರುತ್ತದೆ. ಅದರಲ್ಲಿ ದಿಲ್ಲಿಯವರದು ಬರೀ 200 ಎಂದು ನಾಡಕಚೇರಿಯಲ್ಲಿ ಹೇಳಿದರು. ಸಂಸತ್ತಿನ ಸಮಿತಿ ಸರ್ಕಾರಕ್ಕೆ ಛೀಮಾರಿ ಹಾಕಿ, ಇದನ್ನು ಹೆಚ್ಚಿಸಿ ಎಂದಿದೆ ಅಂತ ಪೇಪರಿನಲ್ಲಿ ಓದಿದ್ದೆ. ಆದರೂ ಯಾಕೆ ಹೆಚ್ಚಾಗಿಲ್ಲ? (ಕುಷ್ಟಗಿ)

ಉತ್ತರ: ನಾಡಕಚೇರಿಯವರು ಹೇಳಿದ್ದು ಖರೆ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 79 ವರ್ಷದವರೆಗೆ ಕೇಂದ್ರದ ಪಾಲು 200 ರೂಪಾಯಿ, 80 ತುಂಬಿದರೆ 500. 2007ರಲ್ಲಿ ಯೋಜನೆಗೆ ಈ ಹೆಸರು ಬಂದಾಗಲೂ ಅದು 200 ಇತ್ತು. ಉಳಿದ ಸಾವಿರ ಬೆಂಗಳೂರಿನದು. ಹೆಚ್ಚಿಸಿ ಎಂದು ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಹೇಳಿದ್ದು ಒಂದು ಸಲ ಅಲ್ಲ, ವರದಿ ಮೇಲೆ ವರದಿಯಲ್ಲಿ.

ಫೆಬ್ರುವರಿ 1ಕ್ಕೆ ಬಜೆಟ್ ಮಂಡನೆಯಾದ ಮೇಲೆ ಸಂಸತ್ತಿಗೆ ಕೆಲವು ವಾರ ಬಿಡುವು. ಆ ಬಿಡುವಿನಲ್ಲೇ ಇಲಾಖಾವಾರು ಸ್ಥಾಯಿ ಸಮಿತಿಗಳು ಅನುದಾನ ಬೇಡಿಕೆಗಳ ಪುಸ್ತಕ, ಅಂದರೆ ಒಂದೊಂದು ಇಲಾಖೆ ವರ್ಷಕ್ಕೆ ಇಷ್ಟು ದುಡ್ಡು ಬೇಕೆಂದು ಸಂಸತ್ತಿನ ಮುಂದಿಡುವ ಲೆಕ್ಕ, ಹಿಡಿದು ಕೂರುತ್ತವೆ. 1993ರಲ್ಲಿ ಇಂಥ 17 ಸಮಿತಿ ಇದ್ದವು, ಈಗ 24. ಒಂದೊಂದರಲ್ಲಿ 31 ಮಂದಿ: ಲೋಕಸಭೆಯವರು 21, ರಾಜ್ಯಸಭೆಯವರು 10. ಮಂತ್ರಿಗಳು ಸದಸ್ಯರಾಗುವಂತಿಲ್ಲ. ಸಭೆ ನಡೆಯುವುದು ಬಾಗಿಲು ಹಾಕಿಕೊಂಡು, ಟಿವಿ ಕ್ಯಾಮೆರಾ ಇಲ್ಲ. ನನಗೆ ಸಮಿತಿಗಳ ಮೇಲೆ ಅಷ್ಟಿಷ್ಟು ಗೌರವ ಉಳಿದಿರುವುದೇ ಅದರಿಂದ. ತೋರಿಸಿಕೊಳ್ಳಲು ಯಾರೂ ಇಲ್ಲದಾಗ ನಮ್ಮ ರಾಜಕಾರಣಿಗಳು ಓದಿಕೊಂಡು ಬರುತ್ತಾರೆ. ಇಲಾಖೆಯ ಕಾರ್ಯದರ್ಶಿಯನ್ನು ಎದುರು ಕೂರಿಸಿಕೊಂಡು, ಹೋದ ವರ್ಷ ಕೊಟ್ಟಿದ್ದೆಷ್ಟು, ವರ್ಷದ ನಡುವೆ ತಿದ್ದಿದ ಪರಿಷ್ಕೃತ ಅಂದಾಜಿನಲ್ಲಿ ಯಾಕೆ ಇಳಿಯಿತು, ಖರ್ಚಾಗಿದ್ದೆಷ್ಟು ಎಂದು ಸಾಲು ಸಾಲಾಗಿ ಕೇಳುತ್ತಾರೆ.

ಆದರೆ ಅವರ ಕೈಯಲ್ಲಿರುವುದು ಶಿಫಾರಸು ಮಾತ್ರ. ಖಜಾನೆಯಲ್ಲಿ ನಾವು ಬಿಲ್ಲಿನ ಮೇಲೆ ಆಕ್ಷೇಪಣೆ ಬರೆದರೆ ಬಿಲ್ಲು ವಾಪಸು ಹೋಗುತ್ತಿತ್ತು. ಬಿಲ್ಲಿಗೆ ಸಹಿ ಹಾಕಿ ದುಡ್ಡು ಸೆಳೆಯುವ ಅಧಿಕಾರಿ, ಅಂದರೆ ಡಿಡಿಒ, ಎಷ್ಟೇ ದೊಡ್ಡವನಿರಲಿ, ಸರಿಮಾಡಿ ತರದೆ ದುಡ್ಡು ಹೊರಬೀಳುತ್ತಿರಲಿಲ್ಲ. ಸಮಿತಿಯ ಆಕ್ಷೇಪಣೆಗೆ ಆ ಬಲ ಇಲ್ಲ. ವರದಿ ಮಂಡನೆಯಾಗುತ್ತದೆ, ನಾಲ್ಕಾರು ಇಲಾಖೆಗಳ ಬೇಡಿಕೆ ಲೋಕಸಭೆಯಲ್ಲಿ ಚರ್ಚೆಯಾಗುತ್ತದೆ, ಮಿಕ್ಕವನ್ನೆಲ್ಲ ಕೊನೆಯ ದಿನ ಗಿಲೊಟಿನ್ ಹಾಕಿ ಚರ್ಚೆಯಿಲ್ಲದೆ ಒಟ್ಟಿಗೆ ಪಾಸು ಮಾಡುತ್ತಾರೆ. ಆರೋಗ್ಯದ ದುಡ್ಡು ಹೀಗೆ ಪಾಸಾದ ವರ್ಷಗಳೂ ಇವೆ.

ಹಂಗಾದರೆ ಸಮಿತಿ ಯಾಕೆ ಬೇಕು? ಸರ್ಕಾರ ಮೂರು ತಿಂಗಳೊಳಗೆ ಪ್ರತಿಯೊಂದು ಶಿಫಾರಸಿಗೂ ಬರೆದು ಉತ್ತರ ಕೊಡಬೇಕು, ಅದಕ್ಕೆ. ಆ ಉತ್ತರಗಳ ಮೇಲೆ ಸಮಿತಿ ಮತ್ತೊಂದು ವರದಿ ತರುತ್ತದೆ. ಅದರಲ್ಲಿ ಐದು ಅಧ್ಯಾಯ. ಮೊದಲನೆಯದು ಸಮಿತಿಯ ಒಟ್ಟು ವರದಿ, ಎರಡನೆಯದು ಸರ್ಕಾರ ಒಪ್ಪಿದ್ದು, ಮೂರನೆಯದು ಸಮಿತಿಯೇ ಕೈಬಿಟ್ಟದ್ದು, ನಾಲ್ಕನೆಯದು ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೇ ಇದ್ದದ್ದು, ಐದನೆಯದು ಇನ್ನೂ ಕೊನೆಯ ಉತ್ತರ ಬರಬೇಕಾದದ್ದು. ನಾನು ವರದಿ ಸಿಕ್ಕರೆ ಮೊದಲು ತೆರೆಯುವುದು ನಾಲ್ಕನೆಯದನ್ನು. ಜಗಳ ಇರುವುದು ಅಲ್ಲೇ. ಸಂಸತ್ತಿನ ವೆಬ್‌ಸೈಟಿನಲ್ಲಿ ಇವೆಲ್ಲ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್, ಹಿಂದಿ ಬಲ್ಲ ಮೊಮ್ಮಕ್ಕಳಿದ್ದರೆ ಓದಿಸಿ. ನಿಮ್ಮ ಸಂಸದರಿಗೆ ಪತ್ರ ಬರೆಯುವಾಗ ವರದಿಯ ಸಂಖ್ಯೆ, ಪ್ಯಾರಾ ಸಂಖ್ಯೆ ಹಾಕಿ. ಬರೀ "ಪಗಾರ ಹೆಚ್ಚಿಸಿ" ಎಂದು ಬರೆದರೆ ಅವರ ಆಪ್ತ ಸಹಾಯಕರು ಫೈಲಿಗೆ ಹಾಕಿ ಮರೆಯುತ್ತಾರೆ.

ಪ್ರಶ್ನೆ: ಆರೋಗ್ಯಕ್ಕೆ ಕೊಟ್ಟ ದುಡ್ಡು ಖರ್ಚಾಗಿದೆ ಎಂದು ದಿಲ್ಲಿ ಹೇಳುತ್ತದೆ. ನಮ್ಮೂರ ಉಪಕೇಂದ್ರದ ಕಟ್ಟಡ ಲಿಂಟಲ್ ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ. ಯಾರ ಮಾತು ನಂಬಬೇಕು? (ಲಿಂಗಸುಗೂರು ತಾಲೂಕು)

ಉತ್ತರ: ಇಬ್ಬರದೂ ನಂಬಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಕೇಂದ್ರ ತನ್ನ ಕಂತು ಬಿಡುಗಡೆ ಮಾಡಿದ ದಿನವೇ ಅದರ ಪುಸ್ತಕದಲ್ಲಿ ಅದು ಖರ್ಚು. ಆ ದುಡ್ಡು ಬೆಂಗಳೂರು ದಾಟಿ, ಜಿಲ್ಲೆಗೆ ಇಳಿದು, ನಿಮ್ಮೂರ ಗೋಡೆಗೆ ಸಿಮೆಂಟಾಗಲು ಎಷ್ಟು ತಿಂಗಳು ಹಿಡಿದರೂ ದಿಲ್ಲಿಯ ಕಾಲಂ ಬದಲಾಗುವುದಿಲ್ಲ.

ನಡುವೆ ಇರುವ ಕಾಗದ ಬಳಕೆ ಪ್ರಮಾಣಪತ್ರ, ನಮ್ಮವರ ಬಾಯಲ್ಲಿ ಯುಸಿ. ರಾಜ್ಯಗಳಿಗೆ ಅದರ ನಮೂನೆ 12-ಸಿ. ಇಷ್ಟು ಬಂತು, ಇಷ್ಟು ಬಳಸಿದೆವು, ಮಂಜೂರಾದ ಉದ್ದೇಶಕ್ಕೇ ಬಳಸಿದೆವು, ಇಷ್ಟು ಉಳಿದಿದೆ ಎಂದು ಸಹಿ ಹಾಕಿ ಕಳಿಸಬೇಕು. ಅದು ತಡವಾದರೆ ಮುಂದಿನ ಕಂತು ತಡ. ಮುಂದಿನ ಕಂತು ಮಾರ್ಚಿಗೆ ಬಂದರೆ ಮಾರ್ಚಿನಲ್ಲೇ ಮುಗಿಸುವ ಗಡಿಬಿಡಿ. ವರ್ಷದ ಕೊನೆಗೆ ಖರ್ಚಿನ ನೂಕುನುಗ್ಗಲು ಆರ್ಥಿಕ ಶಿಸ್ತಿನ ಉಲ್ಲಂಘನೆ ಎಂದು ಕೇಂದ್ರದ ನಿಯಮಾವಳಿಯೇ ಹೇಳುತ್ತದೆ. ಕೊನೆಯ ಮೂರು ತಿಂಗಳಲ್ಲಿ ಶೇ 33, ಮಾರ್ಚಿನಲ್ಲಿ ಶೇ 15 ಮೀರಬಾರದೆಂದು ಹಣಕಾಸು ಸಚಿವಾಲಯ ಮಿತಿ ಹಾಕಿದೆ. ಮಾರ್ಚ್ 31ರ ರಾತ್ರಿ ಖಜಾನೆಯ ಕಿಟಕಿ ಮುಂದೆ ಬಿಲ್ಲಿನ ಕಟ್ಟು ಹಿಡಿದು ನಿಂತವರ ಮುಖ ನೋಡಿದ ನನಗೆ ಆ ನಿಯಮ ಓದಿದರೆ ನಗು ಬರುತ್ತದೆ.

2021ರ ಜುಲೈಯಿಂದ ಒಂದೊಂದು ಯೋಜನೆಗೆ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ ಎಂಬ ಪದ್ಧತಿ ಬಂತು. ಯಾವ ಖಾತೆಯಲ್ಲಿ ಎಷ್ಟು ಕೊಳೆಯುತ್ತಿದೆ ಎಂದು ದಿಲ್ಲಿಗೆ ಈಗ ಕಾಣುತ್ತದೆ. ಹಾಗಾಗಿ ಸಮಿತಿಯವರೂ ಹೆಚ್ಚು ಗಟ್ಟಿಯಾಗಿ ಕೇಳಬಲ್ಲರು. ಖರ್ಚಾದ ಮೇಲಿನ ತಪಾಸಣೆ ಬೇರೆಯವರ ಕೆಲಸ: ದೇಶದ ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿ ಹಿಡಿದು ಕೂರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಅದರಲ್ಲಿ 22 ಮಂದಿ, ಅಧ್ಯಕ್ಷರು 1967ರಿಂದ ವಿರೋಧ ಪಕ್ಷದವರು. ನಿಮ್ಮ ಲಿಂಟಲ್ಲಿಗೆ ಮಾತ್ರ ಇಬ್ಬರಿಗೂ ಕಾಯಬೇಡಿ. ತಾಲೂಕು ಆರೋಗ್ಯಾಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಈ ಕಾಮಗಾರಿಗೆ ಬಿಡುಗಡೆ ಎಷ್ಟು, ಯುಸಿ ಯಾವ ತಾರೀಖಿಗೆ ಹೋಯಿತು ಎಂದು ಎರಡೇ ಸಾಲು ಕೇಳಿ.

ಪ್ರಶ್ನೆ: ಗಣಿ ದೂಳು ತಿನ್ನುವವರು ನಾವು. ಜಿಲ್ಲಾ ಖನಿಜ ನಿಧಿಯ ದುಡ್ಡು ಎಲ್ಲಿ ಹೋಗುತ್ತದೆ ಎಂದು ಸಂಸತ್ತಿನ ಆರೋಗ್ಯ ಸಮಿತಿ ಕೇಳಬಾರದೇ? (ಸಂಡೂರು)

ಉತ್ತರ: ಆರೋಗ್ಯ ಸಮಿತಿ ನೋಡುವ ಬೇಡಿಕೆಗಳ ಪುಸ್ತಕದಲ್ಲಿ ಆ ದುಡ್ಡೇ ಇಲ್ಲ. ಗಣಿಯಿಂದ ತೊಂದರೆಗೊಳಗಾದ ಊರುಗಳಿಗಾಗಿ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಟ್ರಸ್ಟ್ ಅದು. ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ (ರಾಯಲ್ಟಿ) ಮೇಲೆ ಹಳೆಯ ಗುತ್ತಿಗೆಗೆ ಶೇ 30, ಹರಾಜಿನಲ್ಲಿ ಪಡೆದದ್ದಕ್ಕೆ ಶೇ 10 ಕಟ್ಟುತ್ತಾರೆ. ಬಜೆಟ್ಟಿಗೆ ಬರದ ದುಡ್ಡಿಗೆ ಮತವೂ ಇಲ್ಲ, ಬೇಡಿಕೆಯ ಚರ್ಚೆಯೂ ಇಲ್ಲ. ಅದೇ ಅದರ ಅನುಕೂಲ, ಅದೇ ಅದರ ಅಪಾಯ. ಕೇಳಬಹುದಾದವರು ಕಲ್ಲಿದ್ದಲು, ಗಣಿ ಮತ್ತು ಉಕ್ಕು ಸ್ಥಾಯಿ ಸಮಿತಿಯವರು. ಅವರೂ ಗಣಿ ಸಚಿವಾಲಯವನ್ನು ಕೇಳಬಹುದೇ ಹೊರತು ನಿಮ್ಮ ಜಿಲ್ಲಾಧಿಕಾರಿಯನ್ನು ನೇರ ಜಗ್ಗಾಡುವಂತಿಲ್ಲ.

ನಿಮ್ಮ ಕೈಯಲ್ಲಿರುವ ದಾರಿ ಹತ್ತಿರದ್ದು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮಕ್ಕಳ ಕಲ್ಯಾಣದಂಥ ಆದ್ಯತೆಗಳಿಗೆ ಕನಿಷ್ಠ ಶೇ 60 ಎಂದು ಮೊದಲಿನ ಮಾರ್ಗಸೂಚಿ ಹೇಳಿತ್ತು, 2024ರಲ್ಲಿ ಅದು ಶೇ 70 ಆಯಿತು. ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಟ್ರಸ್ಟ್ ವಾರ್ಷಿಕ ವರದಿ ತಯಾರಿಸಿ ವೆಬ್‌ಸೈಟಿಗೆ ಹಾಕಬೇಕು. ಅದನ್ನು ಮುದ್ರಿಸಿಕೊಂಡು ಗ್ರಾಮಸಭೆಗೆ ಹೋಗಿ. ಎಷ್ಟು ಸಿಸಿ ರಸ್ತೆ, ಎಷ್ಟು ಎಕ್ಸ್‌ರೇ ಯಂತ್ರ ಎಂದು ಎಣಿಸಿದರೆ ಸಾಕು, ಮಿಕ್ಕದ್ದು ತಾನೇ ತಿಳಿಯುತ್ತದೆ.

ಪ್ರಶ್ನೆ: ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ನಾವು ಧರಣಿ ಶುರು ಮಾಡಿದೆವು. ಸಂಸದೀಯ ಸಮಿತಿಯಿಂದ ಕೊಡಿಸಬಹುದೇ? (ರಾಯಚೂರು)

ಉತ್ತರ: ಆಗುವುದಿಲ್ರೀ. ಏಮ್ಸ್‌ಗೆ ಒಪ್ಪಿಗೆ ಕೊಡುವುದು ಕೇಂದ್ರ ಸಚಿವ ಸಂಪುಟ. ಈಗಾಗಲೇ ಕಟ್ಟಿದ ಏಮ್ಸ್‌ಗಳಲ್ಲಿ ಹುದ್ದೆ ಎಷ್ಟು ಖಾಲಿ, ಕಟ್ಟಡ ಎಷ್ಟು ತಡ ಎಂದು ಆರೋಗ್ಯ ಸಮಿತಿ ಕೇಳಬಹುದು, ಕೇಳಿಯೂ ಇದೆ. ಧರಣಿ ಮುಂದುವರಿಸಿ. ಅದರ ಜೊತೆಗೆ, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371-ಜೆ ವಿಧಿ ಕೊಟ್ಟ ಒಂದು ಹಕ್ಕನ್ನು ಯಾರೂ ಬಳಸುವುದು ಕಾಣೆ: ನಮ್ಮ ಪ್ರದೇಶಾಭಿವೃದ್ಧಿ ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು ಎಂದು ಸಂವಿಧಾನದಲ್ಲೇ ಬರೆದಿದೆ. ನಿಮ್ಮ ಶಾಸಕರು ಧರಣಿ ಟೆಂಟಿಗೆ ಬಂದಾಗ ಹಾರ ಹಾಕುವ ಮುಂಚೆ ಕೇಳಿ, ಈ ವರ್ಷದ್ದು ಮಂಡನೆಯಾಯಿತೇ, ಆರೋಗ್ಯಕ್ಕೆ ಎಷ್ಟು ಹೋಯಿತು ಎಂಬ ಪುಟವನ್ನು ನೀವು ನೋಡಿದಿರೇ ಎಂದು.