ನಾಗರಹೊಳೆಯನ್ನು ರಸ್ತೆಯಿಂದಲೇ ನೋಡಿದರೆ ಸಾಕೇ?

ಬೆಂಗಳೂರಿನಿಂದ ಕಾರಿನಲ್ಲಿ ಕೊಡಗಿನ ಕುಟ್ಟಕ್ಕೆ ಬರುತ್ತಿದ್ದೇವೆ, ವಯಸ್ಸಾದ ತಂದೆತಾಯಿ ಜೊತೆಗಿದ್ದಾರೆ, ಸಫಾರಿಗೆ ಹೋಗದೆ ದಾರಿಯಲ್ಲೇ ನಾಗರಹೊಳೆ ನೋಡಿದರೆ ಸಾಕೇ ಎಂದು ಕೇಳಿದ್ದೀರಿ. ದಾರಿಯನ್ನು ಸರಿಯಾಗಿ ಆರಿಸಿಕೊಂಡರೆ ಧಾರಾಳವಾಗಿ ಸಾಕು. ನಾನು ಪೊನ್ನಂಪೇಟೆ ಕಡೆಯವನು, ಮೈಸೂರಿಗೆ ಹೋಗಿಬರಲು ಇಲ್ಲಿನ ಎರಡೂ ದಾರಿಗಳನ್ನು ಬಳಸುತ್ತೇನೆ.

ಹೆಚ್ಚಿನವರು ಹುಣಸೂರಿನಿಂದ ಆನೆಚೌಕೂರು, ತಿತಿಮತಿ ಮೂಲಕ ಗೋಣಿಕೊಪ್ಪಕ್ಕೆ ಬರುವ ಹೆದ್ದಾರಿ ಹಿಡಿಯುತ್ತಾರೆ. ಅಲ್ಲೂ ಕಾಡಿದೆ, ಮತ್ತಿಗೋಡಿನ ಆನೆ ಶಿಬಿರವಿದೆ. 2020ರಿಂದ ದಸರಾ ಅಂಬಾರಿ ಹೊರುತ್ತಿರುವ ಅಭಿಮನ್ಯು ಆ ಶಿಬಿರದವನೇ. ಆದರೆ ಅದು ಊರು ಸೇರುವ ಅವಸರದವರ ರಸ್ತೆ. ನಿಮಗೆ ಬೇಕಾದದ್ದು ವೀರನಹೊಸಹಳ್ಳಿ ಗೇಟಿನಲ್ಲಿ ಒಳಹೊಕ್ಕು ನಾಗರಹೊಳೆಯ ಮೇಲೆ ಕುಟ್ಟಕ್ಕೆ ಬರುವ ದಾರಿ. ರಾತ್ರಿ ಅಲ್ಲಿ ಸಂಚಾರವಿಲ್ಲ, ಬೆಳಿಗ್ಗೆ ಆರಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತಾರೆ. ಬೆಂಗಳೂರನ್ನು ನಸುಕಿನಲ್ಲೇ ಬಿಡಿ. ನಡುಹಗಲಿಗೆ ಬಂದರೆ ಮರ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮರಗಳೂ ನೋಡತಕ್ಕವೇ ಅನ್ನಿ. ಹುಣಸೂರಿನ ಕಡೆ ತೇಗದ ನೆಡುತೋಪುಗಳು, ಕುರುಚಲು, ಎಲ್ಲೆಲ್ಲೂ ಲಂಟಾನ. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚು. ಮತ್ತಿ, ನಂದಿ, ಹೊನ್ನೆ ಎತ್ತರೆತ್ತರ ಏಳುತ್ತವೆ. ನಡುನಡುವೆ ಮರಗಳೇ ಇಲ್ಲದ ತಗ್ಗಾದ ಬಯಲು ಸಿಗುತ್ತದಲ್ಲ, ಅದು ಹಡ್ಲು. ಕೆಳಗೆ ಜೌಗು ನೆಲವಿರುವುದರಿಂದ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುತ್ತದೆ, ಮೇವಿಗೆ ಜಿಂಕೆ, ಕಾಟಿ (ಕಾಡುಕೋಣ), ಆನೆ ಎಲ್ಲವೂ ಅಲ್ಲಿಗೇ ಬರುತ್ತವೆ. ಹಡ್ಲು ಕಂಡಾಗ ಅದರ ನಡುವನ್ನಲ್ಲ, ಕಾಡು ಸೇರುವ ಅಂಚನ್ನು ನೋಡಬೇಕು. ಮೊಣಕಾಲಿನವರೆಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಪ್ಪು ಮೈಯೊಂದು ನಿಂತಿದ್ದರೆ ಅದು ಕಾಟಿ.

ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಫೋಟೋಗೆಂದು ಇಳಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆನೆ ರಸ್ತೆಗೆ ಬಂದರೆ ದೂರದಲ್ಲೇ ನಿಲ್ಲಿ, ಹಾರ್ನ್ ಬೇಡ, ಎಂಜಿನ್ ಆರಿಸಬೇಡಿ. ಒಂದು ದಾಟಿತೆಂದು ಮುಂದೆ ನುಗ್ಗಬೇಡಿ, ಹಿಂದೆ ಮರಿಯೊಂದಿಗೆ ಇನ್ನೊಂದು ಇದ್ದೀತು. ನಿಮ್ಮ ಮುಂದೆ ಸರ್ಕಾರಿ ಬಸ್ಸು ಹೋಗುತ್ತಿದ್ದರೆ ಅದರ ಹಿಂದೆಯೇ ಇರಿ. ಆ ಚಾಲಕರಿಗೆ ಆನೆಯ ಕಿವಿ ನೋಡಿಯೇ ಅದರ ಮನಸ್ಸು ತಿಳಿಯುತ್ತದೆ.

ಹುಲಿಯ ಆಸೆ ಬಿಟ್ಟುಬಿಡಿ. ರಾಷ್ಟ್ರೀಯ ಉದ್ಯಾನದ ವಿಸ್ತಾರ 643 ಚದರ ಕಿಲೋಮೀಟರ್, ರಸ್ತೆಗೆ ಕಾಣುವುದು ಅದರ ಒಂದು ಗೆರೆ ಮಾತ್ರ. ಕೊನೆಗೆ ಸಫಾರಿ ಬೇಕೇಬೇಕು ಎನಿಸಿದರೆ ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗಳಾದಾಗ ಇಲ್ಲಿಯೂ ಬಂಡೀಪುರದಲ್ಲಿಯೂ ಸಫಾರಿಯನ್ನೇ ನಿಲ್ಲಿಸಿದ್ದರು.

ಕುಟ್ಟದ ಕಡೆಯ ನಾಣಚ್ಚಿ ಗೇಟು ದಾಟಿದರೆ ಕಾಫಿ ತೋಟ ಶುರು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ವಾರವಾಗಿದ್ದರೆ ಕಾರಿನ ಗಾಜು ಇಳಿಸಿ, ಹೂವಿನ ಘಮ ಒಳಗೆ ಬರಲಿ. ಮರುದಿನ ಇರ್ಪುವಿಗೆ ಹೋಗಿ. ಬ್ರಹ್ಮಗಿರಿಯಿಂದ ಇಳಿದುಬರುವ ಲಕ್ಷ್ಮಣತೀರ್ಥ ಅಲ್ಲಿ ಜಲಪಾತವಾಗಿ ಬೀಳುತ್ತದೆ. ಮಳೆಗಾಲದಲ್ಲಿ ನೀರು ಭರ್ಜರಿ, ಜಿಗಣೆಯೂ ಅಷ್ಟೇ. ಜಲಪಾತದವರೆಗೆ ಮೆಟ್ಟಿಲು ಹತ್ತಬೇಕು. ನಿಮ್ಮ ತಂದೆತಾಯಿಗೆ ಮಂಡಿನೋವಿದ್ದರೆ ಅವರು ಕೆಳಗೆ ರಾಮೇಶ್ವರ ದೇವಸ್ಥಾನದಲ್ಲಿ ಕುಳಿತಿರಲಿ. ಪೆಟ್ರೋಲನ್ನು ಹುಣಸೂರಿನಲ್ಲೇ ತುಂಬಿಸಿಕೊಳ್ಳಿ, ಕಾಡಿನೊಳಗೆ ಮೊಬೈಲನ್ನು ನಂಬಬೇಡಿ.