ದುಂಡಗಿನ ಭೂಮಿಯ ಮೇಲೆ ನೇರ ಹೋಗುವ ಅಲೆ

ಪ್ರಶ್ನೆ: ರೇಡಿಯೋ ಅಲೆಗಳು ಬೆಳಕಿನ ಹಾಗೆ ನೇರವಾಗಿ ಸಾಗುತ್ತವೆ ಅಂತ ಓದಿದ್ದೇನೆ. ಭೂಮಿ ನೋಡಿದರೆ ದುಂಡಗಿದೆ. ಹಾಗಿದ್ದರೆ 1901ರಲ್ಲೇ ಮಾರ್ಕೋನಿಯ ವೈರ್‌ಲೆಸ್ ಸಂಕೇತ ಅಟ್ಲಾಂಟಿಕ್ ಸಾಗರ ದಾಟಿದ್ದು ಹೇಗೆ? ನಿಜವಾಗಿಯೂ ಕೇಳಿಸಿತ್ತಾ? (ಒಬ್ಬ ಓದುಗರು, ಹಾಸನ)

ಉತ್ತರ: ನಿಮಗೆ ಬಂದ ಅನುಮಾನವೇ ಆಗಿನ ಅನೇಕ ವಿಜ್ಞಾನಿಗಳಿಗೂ ಬಂದಿತ್ತು. ನೇರ ಹೋಗುವ ಅಲೆ ಆಕಾಶದ ಕಡೆಗೆ ಹೋಗಿಬಿಡಬೇಕು, ಅಲ್ವಾ? ಯಾಕೆ ಹಾಗೆ ಆಗಲ್ಲ ಅನ್ನೋದು ಮಾರ್ಕೋನಿಗೂ ಗೊತ್ತಿರಲಿಲ್ಲ. ಆದರೂ ಮಾಡಿ ನೋಡಿದರು.

ಕಳಿಸುವ ಕೇಂದ್ರ ಇದ್ದದ್ದು ಇಂಗ್ಲೆಂಡಿನ ಪೋಲ್ಡುವಿನಲ್ಲಿ. ಅಲ್ಲಿ ಎತ್ತರದ ಕಂಬಗಳನ್ನು ನೆಟ್ಟು ಕಟ್ಟಿದ್ದ ಆಂಟೆನಾ ಸೆಪ್ಟೆಂಬರ್ ಬಿರುಗಾಳಿಗೆ ಉರುಳಿಬಿತ್ತು, ಬೇಗ ಬೇಗ ಇನ್ನೊಂದನ್ನು ಕಟ್ಟಿದರು. ಕೇಳಿಸಿಕೊಳ್ಳುವ ಜಾಗ ಸುಮಾರು 3,400 ಕಿ.ಮೀ. ಆಚೆ, ಈಗ ಕೆನಡಾಕ್ಕೆ ಸೇರಿರುವ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್. ಡಿಸೆಂಬರ್ ತಿಂಗಳು, ಭಾರಿ ಗಾಳಿ. ಅಲ್ಲಿ ಆಂಟೆನಾ ತಂತಿಯನ್ನು ಮೇಲಕ್ಕೆ ಎತ್ತಿ ಹಿಡಿದಿದ್ದು ಒಂದು ಗಾಳಿಪಟ! ಪಟ ಏರಿಳಿದ ಹಾಗೆಲ್ಲ ತಂತಿಯೂ ಓಲಾಡುತ್ತಿತ್ತು, ಹಾಗಾಗಿ ಶ್ರುತಿ ಮಾಡಿದ, ಅಂದರೆ ಒಂದೇ ಬಗೆಯ ಅಲೆಗೆ ಹೊಂದಿಸಿದ, ಗ್ರಾಹಕ ಯಂತ್ರ ಕೆಲಸಕ್ಕೆ ಬರಲಿಲ್ಲ, ಸರಳವಾದ ಇನ್ನೊಂದಕ್ಕೆ ಟೆಲಿಫೋನಿನ ಕೇಳುಗೊಳವೆ ಸಿಕ್ಕಿಸಿ ಕಿವಿಗೆ ಹಿಡಿದು ಕೂತರು. ಡಿಸೆಂಬರ್ 12ರ ಮಧ್ಯಾಹ್ನ ಮೂರು ಸಣ್ಣ ಟಿಕ್ ಸದ್ದು. ಮೋರ್ಸ್ ಸಂಕೇತದಲ್ಲಿ ಅದು 'ಎಸ್' ಅಕ್ಷರ. ಮಾರ್ಕೋನಿ ಕೇಳುಗೊಳವೆಯನ್ನು ಸಹಾಯಕ ಜಾರ್ಜ್ ಕೆಂಪ್ ಕೈಗೆ ಕೊಟ್ಟರು. ಅವರಿಗೂ ಕೇಳಿಸಿತು.

ಆದರೆ ಸಾಕ್ಷಿ ಅಂತ ಇದ್ದದ್ದು ಇವರ ಕಿವಿಗಳು ಮಾತ್ರ. ಕಾಗದದ ಮೇಲೆ ಏನೂ ದಾಖಲಾಗಿರಲಿಲ್ಲ. ವಾತಾವರಣದ ಗರಗರ ಸದ್ದೂ ಕೆಲವು ಸಲ ಹಾಗೇ ಕೇಳಿಸುತ್ತದೆ, ಅದಕ್ಕೇ ಇವತ್ತಿಗೂ ಅನುಮಾನ ಪಡುವವರಿದ್ದಾರೆ. ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ 1902ರ ಫೆಬ್ರವರಿಯ ಪರೀಕ್ಷೆ. ಮಾರ್ಕೋನಿ 'ಫಿಲಡೆಲ್ಫಿಯಾ' ಹಡಗು ಹತ್ತಿ ಪೋಲ್ಡುವಿನಿಂದ ದೂರ ದೂರ ಹೋಗುತ್ತಾ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ಅಚ್ಚಾಗುವ ಹಾಗೆ ಮಾಡಿದರು, ಕಪ್ತಾನರಿಂದ ಸಹಿಯನ್ನೂ ಹಾಕಿಸಿದರು. ಹಗಲಿನಲ್ಲಿ ಸುಮಾರು 1,100 ಕಿ.ಮೀ.ಗೆ ಸಂಕೇತ ನಿಂತುಹೋಯಿತು. ರಾತ್ರಿಯಲ್ಲಿ 3,300 ಕಿ.ಮೀ. ದಾಟಿತು! ಸಿಗ್ನಲ್ ಹಿಲ್‌ನಲ್ಲಿ ಕೇಳಿಸಿದ್ದು ಮಧ್ಯಾಹ್ನ ಅನ್ನೋದು ನೆನಪಿದೆಯಲ್ಲ? ಅನುಮಾನ ಜಾಸ್ತಿಯಾದದ್ದು ಇದರಿಂದಲೇ.

ಈಗ ನಿಮ್ಮ 'ಹೇಗೆ'ಗೆ ಬರೋಣ. ತುಂಬಾ ಎತ್ತರದಲ್ಲಿ ಸೂರ್ಯನ ಕಿರಣಗಳು ಗಾಳಿಯ ಕಣಗಳನ್ನು ಒಡೆದು ವಿದ್ಯುತ್ತಿನ ಕಣಗಳ ಪದರಗಳನ್ನು ಮಾಡುತ್ತವೆ. ಅಲೆ ಅಲ್ಲಿಗೆ ಹೋಗಿ ಬಾಗಿ ಮತ್ತೆ ಕೆಳಗೆ ಬರುತ್ತದೆ. ಇಂಥದ್ದೊಂದು ಪದರ ಇರಬೇಕು ಅಂತ 1902ರಲ್ಲೇ ಕೆನೆಲಿ, ಹೆವಿಸೈಡ್ ಅನ್ನುವ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಹೇಳಿದರು. ಪ್ರಯೋಗದಿಂದ ತೋರಿಸಿದ್ದು ಆಪಲ್ಟನ್ ಅನ್ನುವ ಭೌತವಿಜ್ಞಾನಿ, 1924ರಲ್ಲಿ. ಹಗಲಿನಲ್ಲಿ ಇನ್ನೂ ಕೆಳಗೆ ಒಂದು ಪದರ ಇರುತ್ತದೆ, ಅದು ಅಲೆಯನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗಿ ಹೋಗುತ್ತದೆ.

ಮನೆಯಲ್ಲಿ ಹಳೇ ಮೀಡಿಯಂ ವೇವ್ ರೇಡಿಯೋ ಇದ್ದರೆ ಮಧ್ಯಾಹ್ನ ಒಮ್ಮೆ, ರಾತ್ರಿ 10ರ ಮೇಲೆ ಒಮ್ಮೆ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಹಗಲು ಬರೀ ಸದ್ದಿದ್ದ ಕಡೆ ರಾತ್ರಿ ಯಾವುದೋ ಊರಿನ ಸ್ಟೇಷನ್ ತೇಲಿ ಬರುತ್ತದೆ. ಫಿಲಡೆಲ್ಫಿಯಾ ಹಡಗಿನಲ್ಲಿ ಕಂಡದ್ದೂ ಇದೇ.